ಎದೆಯ ಗಂತಿಗೆ ರಕ್ತ ಬರುವ ದಾರಿ

ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ಬಾಲಿಕೆಯರ ವಿದ್ಯಾಭ್ಯಾಸದ ವಿಷಯವಾಗಿ ಏನನ್ನಾದರೂ ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ಶಾಲೆಗೆ ಬಿಡಲು ಬರುವ ತಾಯಂದಿರೂ ನನ್ನ ಕೊಠಡಿಯ ಬಾಗಿಲನ್ನು ಮೆಲ್ಲಗೆ ಮುಂದುಮಾಡಿ, ದನಿಯನ್ನು ತಗ್ಗಿಸಿ ಕೇಳುವ ಪ್ರಶ್ನೆಗಳು ಬೇರೆ. ನೋವೇ ಇಲ್ಲದ ಗಂತಿಯು ಪ್ರಾಣಕ್ಕೆ ಹೇಗೆ ಮುಳುವಾದೀತು? ಶಸ್ತ್ರ ತಗುಲಿದರೆ ಅದು ಮೈಯೆಲ್ಲಾ ಹರಡುವುದೆಂಬ ಮಾತು ನಿಜವೇ? ಅದಕ್ಕೆ ಹೋಗುವ ರಕ್ತವನ್ನೇ ನಿಲ್ಲಿಸುವ ಔಷಧಿಯುಂಟೆಂದು ಯಾರೋ ಹೇಳಿದರು, ಹೊಲವನ್ನು ಒತ್ತೆಯಿಟ್ಟಾದರೂ ಅದನ್ನು ತರಿಸಬಹುದೇ? ಈ ಮೂರು ಪ್ರಶ್ನೆಗಳೂ ಮೇಲುನೋಟಕ್ಕೆ ಬೇರೆಬೇರೆಯಾಗಿ ತೋರಿದರೂ ಒಂದೇ ಕಡೆಗೆ ಬಂದು ಸೇರುವುವು. ಎದೆಯ ಗಂತಿಗೂ ರಕ್ತನಾಳಗಳಿಗೂ ಇರುವ ಸಂಬಂಧವನ್ನು ತಿಳಿದರೆ ಮೂರಕ್ಕೂ ಉತ್ತರ ದೊರೆಯುತ್ತದೆ.

ನಾನು ವೈದ್ಯಳಲ್ಲ, ಬಹುಕಾಲ ವಿಜ್ಞಾನವನ್ನು ಬೋಧಿಸಿದ ಉಪಾಧ್ಯಾಯಿನಿ ಮಾತ್ರ. ಆದಕಾರಣ ಚಿಕಿತ್ಸೆಯನ್ನು ಹೇಳಲಾರೆನು. ಅರ್ಥವನ್ನು ಬಿಡಿಸಿ ಹೇಳಬಲ್ಲೆನು. ‘ಸ್ತನ’ವೆಂಬ ಶಬ್ದವನ್ನು ಕಂಡೊಡನೆ ಪುಟವನ್ನು ತಿರುವಿಹಾಕುವ ಸಂಕೋಚವು ನಮ್ಮಲ್ಲಿ ಇನ್ನೂ ಹೋಗಿಲ್ಲ. ಹೃದಯಕ್ಕೂ ಶ್ವಾಸಕೋಶಕ್ಕೂ ಪಾಠದಲ್ಲಿ ಸಲ್ಲುವ ಮರ್ಯಾದೆಯೇ ಈ ಅವಯವಕ್ಕೂ ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. 2022ರಲ್ಲಿ ಭಾರತದ ಸುಮಾರು 1,92,000 ಮಂದಿ ಸ್ತ್ರೀಯರಿಗೆ ಈ ರೋಗವು ಹೊಸದಾಗಿ ಬಂದಿತೆಂದು ಅಂತರರಾಷ್ಟ್ರೀಯ ಅಂದಾಜಿನಲ್ಲಿ ಹೇಳಿದೆ. ನಮ್ಮ ದೇಶದ ಹೆಂಗಸರಿಗೆ ತಗಲುವ ಅರ್ಬುದ ರೋಗಗಳಲ್ಲಿ ಇದೇ ಈಗ ಮೊದಲನೆಯದು.

ಈ ರೋಗದ ಹೆಸರಿನಲ್ಲಿಯೇ ರಕ್ತನಾಳದ ಕಥೆಯು ಅಡಗಿದೆ. ಪುರಾತನ ಗ್ರೀಕ್ ವೈದ್ಯರು ಇದನ್ನು ಏಡಿಯ ಹೆಸರಿನಿಂದ ಕರೆದರು. ಕ್ರಿಸ್ತಶಕ 2ನೆಯ ಶತಮಾನದಲ್ಲಿದ್ದ ಗೇಲನ್ ಎಂಬ ವೈದ್ಯನು, ಎದೆಯ ಗಂತಿಯ ಸುತ್ತಲೂ ಉಬ್ಬಿಕೊಂಡು ಚಾಚಿದ ನಾಳಗಳು ಏಡಿಯ ಕಾಲುಗಳನ್ನು ಹೋಲುವುವೆಂದು ಬರೆದಿಟ್ಟಿದ್ದಾನೆ. ನಮ್ಮ ಕಡೆಯ ರೈತರು ‘ಏಡಿಗಂತಿ’ ಎನ್ನುವಾಗ ಅವರಿಗೆ ಗ್ರೀಕರ ನೆನಪಿರುವುದಿಲ್ಲ. ಆದರೂ ಗದ್ದೆಯ ಬದುವಿನಲ್ಲಿ ಏಡಿಯು ತೋಡಿದ ಬಿಲದಿಂದ ನೀರು ಸೋರಿಹೋಗುವುದನ್ನು ಕಂಡವರಿಗೆ ಈ ಹೆಸರು ಎಷ್ಟು ಸರಿಯಾದುದೆಂದು ಮುಂದೆ ಗೊತ್ತಾಗುವುದು.

ಮೊದಲು ಆರೋಗ್ಯವಂತ ಶರೀರದ ವಿಷಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹುಟ್ಟಿ ಬೆಳೆದ ನಮಗೆ ನೀರಿನ ಉಪಮೆಯಷ್ಟು ಬೇಗ ಮನಸ್ಸಿಗೆ ಹತ್ತುವುದು ಬೇರೊಂದಿಲ್ಲ. ವರ್ಷವಿಡೀ ಹರಿಯುವ ನದಿಯು ನಮ್ಮಲ್ಲಿಲ್ಲ; ಇರುವುದು ಕೆರೆ, ತೂಬು, ಕಾಲುವೆ, ಕಾಲುವೆಯಿಂದ ಕವಲೊಡೆದು ಪಾತಿಪಾತಿಗೂ ಹೋಗುವ ಸಣ್ಣ ತೋಡು. ಶರೀರದ ಏರ್ಪಾಡೂ ಹಾಗೆಯೇ. ಹೃದಯದಿಂದ ಹೊರಟ ದೊಡ್ಡ ನಾಳವು ಕವಲೊಡೆಯುತ್ತಾ ಕಡೆಗೆ ಕೂದಲಿಗಿಂತಲೂ ಸಣ್ಣದಾದ ಲೋಮನಾಳಗಳಾಗುತ್ತದೆ. ಪ್ರಾಣವಾಯುವೂ ಆಹಾರವೂ ಈ ಲೋಮನಾಳದ ಗೋಡೆಯಿಂದ ಜಿನುಗಿ ಜೀವಕಣಗಳಿಗೆ ತಲುಪಬೇಕು. ಹಾಗೆ ಜಿನುಗಬಲ್ಲ ದೂರವು ಬಹಳ ಸ್ವಲ್ಪ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಿಂದ ಐದನೆಯ ಒಂದು ಪಾಲಿನವರೆಗೆ ಮಾತ್ರ. ಅದಕ್ಕಿಂತ ದೂರದಲ್ಲಿರುವ ಕಣವು ಕಾಲುವೆಯ ನೀರು ಹತ್ತದ ಪೈರಿನಂತೆ ಒಣಗಿಹೋಗುವುದು.

ಬೆಳೆದ ಮನುಷ್ಯರಲ್ಲಿ ಹೊಸ ರಕ್ತನಾಳಗಳು ಸುಮ್ಮಸುಮ್ಮನೆ ಹುಟ್ಟುವುದಿಲ್ಲ. ಗಾಯವು ಮಾಯುವಾಗ ಹುಟ್ಟುವುವು. ಸ್ತ್ರೀಯರಲ್ಲಿ ತಿಂಗಳು ತಿಂಗಳಿಗೂ ಗರ್ಭಕೋಶದಲ್ಲಿ ಹುಟ್ಟುವುವು. ಬಸುರಿಯಾದಾಗ ಎದೆಯಲ್ಲಿಯೂ ಹೊಸದಾಗಿ ಬೆಳೆಯುವುವು. ಹಾಲು ಮಾಡುವ ಕೆಲಸಕ್ಕೆ ರಕ್ತವು ಎಷ್ಟು ಬೇಕೆಂಬುದು ಹಸು ಸಾಕಿದವರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಕೆಚ್ಚಲಿನಲ್ಲಿ 1 ಲೀಟರು ಹಾಲು ಉಂಟಾಗಬೇಕಾದರೆ ಸುಮಾರು 400ರಿಂದ 500 ಲೀಟರು ರಕ್ತವು ಅದರೊಳಗೆ ಹಾದುಹೋಗಬೇಕಂತೆ. ಮಗುವು ಹಾಲು ಬಿಟ್ಟಮೇಲೆ ತಾಯಿಯ ಎದೆಯಲ್ಲಿ ಹೆಚ್ಚಾಗಿದ್ದ ನಾಳಗಳು ತಾವಾಗಿ ಅಡಗುವುವು. ಕೆಲಸವಾದೊಡನೆ ತೂಬನ್ನು ಮುಚ್ಚುವ ನೀರುಗಂಟಿಯಂತೆ, ಬೆಳೆಯೆಂದು ಹೇಳುವ ದ್ರವ್ಯಗಳೂ ನಿಲ್ಲೆಂದು ಹೇಳುವ ದ್ರವ್ಯಗಳೂ ಶರೀರದಲ್ಲಿ ಒಂದಕ್ಕೊಂದು ತೂಕವಾಗಿರುತ್ತವೆ.

ಅರ್ಬುದವು ಪ್ರಾರಂಭವಾಗುವುದು ಕಣ್ಣಿಗೆ ಕಾಣದ ಒಂದು ಜೀವಕಣದಿಂದ. ಎದೆಯಲ್ಲಿ ಅದು ಸಾಮಾನ್ಯವಾಗಿ ಹಾಲಿನ ನಾಳದ ಒಳಪದರದಲ್ಲಿ ಹುಟ್ಟುವುದು. ಅಂಕೆಯಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಗುಂಪು ಕಟ್ಟುವುದು. ಆದರೆ ಆ ಗುಂಪಿಗೆ ತನ್ನದೇ ರಕ್ತನಾಳವಿಲ್ಲ. ಪಕ್ಕದಲ್ಲಿ ಹಾದುಹೋಗುವ ನಾಳದಿಂದ ಜಿನುಗಿದುದನ್ನೇ ನೆಚ್ಚಿಕೊಂಡಿರಬೇಕು. ಆದುದರಿಂದ ಒಂದೆರಡು ಮಿಲಿಮೀಟರು, ಅಂದರೆ ನಮ್ಮ ರಾಗಿಯ ಕಾಳಿನಷ್ಟು ಆಗುವಷ್ಟರಲ್ಲಿ, ಅದರ ಬೆಳವಣಿಗೆಯು ನಿಂತುಹೋಗುವುದು. ಹೊರಗಡೆ ಹುಟ್ಟಿದಷ್ಟೇ ಕಣಗಳು ಒಳಗಡೆ ಸಾಯುತ್ತಾ, ಆ ಕಾಳು ವರ್ಷಗಟ್ಟಲೆ ಕಾಳಾಗಿಯೇ ಉಳಿಯುವುದುಂಟು. ಕೆಲವು ಹಾಗೆಯೇ ಇದ್ದು, ಯಾರಿಗೂ ತಿಳಿಯದೆ ಹೋಗುವುವು.

ಇದನ್ನು ಕಂಡುಕೊಂಡ ಬಗೆಯು ಸ್ವಾರಸ್ಯವಾದುದು. ಅಮೆರಿಕದ ಜೂಡಾ ಫೋಕ್ಮನ್ ಎಂಬ ಶಸ್ತ್ರವೈದ್ಯರು 1960ರ ಸುಮಾರಿನಲ್ಲಿ ಆ ದೇಶದ ನೌಕಾಪಡೆಯ ಪ್ರಯೋಗಶಾಲೆಯೊಂದರಲ್ಲಿದ್ದರು. ದೀರ್ಘ ಪ್ರಯಾಣದ ಹಡಗುಗಳಲ್ಲಿ ಕೆಡದಂತೆ ಇಡಬಹುದಾದ, ರಕ್ತಕ್ಕೆ ಬದಲಾದ ದ್ರವವೊಂದನ್ನು ಪರೀಕ್ಷಿಸುವುದು ಅವರ ಕೆಲಸ. ಪ್ರಾಣಿಯ ಕೊರಳಿನ ಗ್ರಂಥಿಯನ್ನು ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿಟ್ಟು, ಆ ದ್ರವವನ್ನು ಅದರೊಳಗೆ ಹರಿಯಿಸಿ, ಬೆಳೆಯುವುದೋ ಇಲ್ಲವೋ ನೋಡುವುದಕ್ಕಾಗಿ ಇಲಿಯ ಅರ್ಬುದದ ಕಣಗಳನ್ನು ಅದರಲ್ಲಿಟ್ಟರು. ಗಂತಿಗಳು ಗುಂಡುಸೂಜಿಯ ತಲೆಯಷ್ಟಾಗಿ ನಿಂತವು. ಅವನ್ನೇ ತೆಗೆದು ಜೀವವಿರುವ ಇಲಿಯ ಮೈಯಲ್ಲಿ ಇಟ್ಟಾಗ, ಅಡ್ಡಿಯಿಲ್ಲದೆ ಬೆಳೆದುಬಿಟ್ಟವು. ಕಣಗಳು ಸತ್ತಿರಲಿಲ್ಲ, ಗಾಜಿನ ಪಾತ್ರೆಯಲ್ಲಿ ಅವುಗಳಿಗೆ ಹೊಸ ರಕ್ತನಾಳಗಳು ಬೆಳೆದುಬರಲಿಲ್ಲ, ಅಷ್ಟೆ. ಮುಂದೆ ಮೊಲದ ಕಣ್ಣಿನಲ್ಲಿ ಮಾಡಿದ ಪ್ರಯೋಗಗಳಿಂದ ಇದು ಇನ್ನೂ ಸ್ಪಷ್ಟವಾಯಿತು. ಕಣ್ಣಿನ ಮುಂಭಾಗದ ದ್ರವದಲ್ಲಿ ತೇಲಿಬಿಟ್ಟ ಗಂತಿಯು ಸಣ್ಣದಾಗಿಯೇ ಉಳಿಯಿತು. ನಾಳಗಳಿರುವ ಕಡೆಗೆ ಹತ್ತಿರವಾಗಿ ಇಟ್ಟುದು ನಾಳಗಳನ್ನು ಸೆಳೆದುಕೊಂಡು ಸಾವಿರಾರು ಪಾಲು ದೊಡ್ಡದಾಯಿತು. 1971ರಲ್ಲಿ ಫೋಕ್ಮನ್ನರು, ಗಂತಿಯು ತನ್ನ ರಕ್ತನಾಳಗಳನ್ನು ತಾನೇ ಕರೆಯಿಸಿಕೊಳ್ಳುವುದೆಂದೂ, ಆ ಕರೆಯನ್ನು ತಡೆದರೆ ರೋಗವನ್ನು ತಡೆಯಬಹುದೆಂದೂ ನ್ಯೂ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹಲವು ವರ್ಷಗಳವರೆಗೆ ಪಂಡಿತರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಗಂತಿಯ ಸುತ್ತಲಿನ ಕೆಂಪು ಬರಿಯ ಉರಿಯೂತವೆಂದೇ ಬಹುಮಂದಿಯ ಎಣಿಕೆಯಾಗಿತ್ತು.

ಕರೆಯುವ ಬಗೆ ಹೇಗೆ? ಪ್ರಾಣವಾಯು ಸಾಲದ ಜೀವಕಣದಲ್ಲಿ ಒಂದು ಎಚ್ಚರಿಕೆಯ ಏರ್ಪಾಡು ಉಂಟು. ವಾಯುವು ಸಾಕಷ್ಟು ಇರುವಾಗ ಒಂದು ವಿಧದ ಸಸಾರಜನಕ ದ್ರವ್ಯವು ಹುಟ್ಟಿದಂತೆಯೇ ನಾಶವಾಗುವುದು. ವಾಯು ಕಡಿಮೆಯಾದಾಗ ಅದು ನಾಶವಾಗದೆ ಕೂಡಿಕೊಂಡು, ರಕ್ತವನ್ನು ತರಿಸುವ ಕೆಲಸವನ್ನು ಆರಂಭಿಸುವುದು. ಇದನ್ನು ಬಿಡಿಸಿ ತೋರಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ದೊರಕಿತು. ಹೀಗೆ ಎಚ್ಚೆತ್ತ ಕಣವು ಹೊರಕ್ಕೆ ಕಳುಹಿಸುವ ದೂತರಲ್ಲಿ ಮುಖ್ಯವಾದುದಕ್ಕೆ ವಿ.ಇ.ಜಿ.ಎಫ್. ಎಂದು ಸಂಕ್ಷೇಪವಾಗಿ ಹೇಳುವರು. ನಾಳಗಳ ಗೋಡೆಯನ್ನು ಸೋರುವಂತೆ ಮಾಡುವ ದ್ರವ್ಯವೆಂದು 1983ರಲ್ಲಿ ಡ್ವೋರಾಕ್ ಎಂಬವರ ತಂಡವು ಒಂದನ್ನು ಗುರುತಿಸಿತ್ತು. ನಾಳಗಳನ್ನು ಬೆಳೆಸುವ ದ್ರವ್ಯವೆಂದು 1989ರಲ್ಲಿ ಫೆರಾರಾ ಎಂಬವರು ಒಂದನ್ನು ಬೇರ್ಪಡಿಸಿದರು. ಎರಡೂ ಒಂದೇ ಎಂದು ಗೊತ್ತಾಯಿತು. ಈ ದೂತನು ಹತ್ತಿರದ ನಾಳವನ್ನು ಮುಟ್ಟಿದಾಗ ಅದರ ಗೋಡೆಯು ಸಡಿಲಿ, ಕವಲೊಡೆದು, ಗಂತಿಯ ಕಡೆಗೆ ಚಿಗುರುವುದು. ಗಾಯ ಮಾಯಿಸುವುದಕ್ಕೆಂದು ಇರುವ ಸಾಧನವನ್ನೇ ರೋಗವು ಕದ್ದು ಬಳಸಿಕೊಳ್ಳುವುದೆಂದರೆ ತಪ್ಪಾಗದು.

ಶ್ರೀನಿವಾಸಪುರದ ಮಾವಿನ ತೋಪುಗಳನ್ನು ಬಲ್ಲವರು ಬಂದಣಿಕೆಯನ್ನು ನೋಡಿಯೇ ಇರುವರು. ಮಾವಿನ ಕೊಂಬೆಗೆ ಅಂಟಿಕೊಂಡ ಆ ಗಿಡವು ತನ್ನ ಬೇರನ್ನು ಮರದ ಒಡಲಿನೊಳಕ್ಕೆ ಇಳಿಯಿಸಿ, ಮರದ ರಸದಿಂದಲೇ ಹಸುರಾಗಿ ಕೊಬ್ಬುವುದು. ಬಂದಣಿಕೆ ಹಸುರಾಗಿರುವ ಕೊಂಬೆಯಲ್ಲಿ ಕಾಯಿ ಕಡಿಮೆ. ಬೀಜವು ಅಂಟಿದ ದಿನವೇ ಹಾನಿಯಾಗುವುದಿಲ್ಲ. ಬೇರು ರಸದ ನಾಳವನ್ನು ಮುಟ್ಟಿದಂದಿನಿಂದ ಆಗುತ್ತದೆ. ಎದೆಯ ಗಂತಿಯ ಚರಿತ್ರೆಯಲ್ಲಿಯೂ ನಾಳವು ಬಂದು ಸೇರುವ ಘಟ್ಟವೇ ಮುಖ್ಯವಾದುದು. ಆದರೆ ಉಪಮೆಯು ಒಂದು ಕಡೆ ಸೋಲುವುದು. ಬಂದಣಿಕೆಯು ಮರದ ಕಡೆಗೆ ಹೋಗುವುದು. ಇಲ್ಲಿ ಶರೀರವೇ ಗಂತಿಯ ಕಡೆಗೆ ಕಾಲುವೆಯನ್ನು ತೋಡಿಕೊಡುವುದು.

ಹೀಗೆ ಅವಸರದಲ್ಲಿ ತೋಡಿದ ಕಾಲುವೆಗಳು ಅಚ್ಚುಕಟ್ಟಾಗಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಸೊಟ್ಟಸೊಟ್ಟಾಗಿ, ಒಂದೆಡೆ ಉಬ್ಬಿ ಒಂದೆಡೆ ಕಿರಿದಾಗಿ, ಕೆಲವು ಎಲ್ಲಿಗೂ ಸೇರದೆ ಕೊನೆಗಾಣುತ್ತವೆ. ಗೋಡೆಯಲ್ಲಿ ಬಿರುಕುಗಳಿರುವುವು. ಇದರಿಂದ ಎರಡು ಫಲಗಳು. ಸೋರಿದ ದ್ರವದಿಂದ ಗಂತಿಯ ಒಳಗೆ ಒತ್ತಡವು ಹೆಚ್ಚಿ, ನಾವು ರಕ್ತಕ್ಕೆ ಸೇರಿಸಿದ ಔಷಧಿಯು ಎಲ್ಲಾ ಭಾಗಗಳಿಗೂ ಸಮನಾಗಿ ತಲುಪುವುದಿಲ್ಲ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ರಕ್ತವು ಒಳಕ್ಕೆ ಬರುವ ದಾರಿಯೇ ಕಣಗಳು ಹೊರಕ್ಕೆ ಹೋಗುವ ದಾರಿಯೂ ಆಗುವುದು. ಬಿರುಕಿನಿಂದ ನುಸುಳಿದ ಕಣವು ಎಲುಬಿಗೋ, ಶ್ವಾಸಕೋಶಕ್ಕೋ, ಯಕೃತ್ತಿಗೋ, ಮಿದುಳಿಗೋ ಹೋಗಿ ಅಲ್ಲಿ ನೆಲಸಬಹುದು. ರಕ್ತನಾಳಗಳಲ್ಲದೆ ದುಗ್ಧರಸದ ನಾಳಗಳೂ ಇವೆ. ಅವುಗಳ ಮೂಲಕ ಕಂಕುಳಿನ ಗ್ರಂಥಿಗಳಿಗೆ ಹೋಗುವುದು ಇನ್ನೂ ಸುಲಭ. ಆದುದರಿಂದಲೇ ವೈದ್ಯರು ಎದೆಯನ್ನು ನೋಡಿದ ಕೂಡಲೇ ಕಂಕುಳನ್ನೂ ಮುಟ್ಟಿ ನೋಡುವರು. ಎದೆಯ ಚರ್ಮವು ಕಿತ್ತಳೆಯ ಸಿಪ್ಪೆಯಂತೆ ಕುಳಿಕುಳಿಯಾಗುವುದಕ್ಕೂ ಈ ದುಗ್ಧನಾಳಗಳು ಕಟ್ಟಿಕೊಳ್ಳುವುದೇ ಕಾರಣ. 1991ರಲ್ಲಿ ವೈಡ್ನರ್ ಮತ್ತು ಅವರ ಸಂಗಡಿಗರು 49 ಮಂದಿ ಸ್ತ್ರೀಯರಿಂದ ತೆಗೆದ ಗಂತಿಗಳಲ್ಲಿ ಸಣ್ಣ ರಕ್ತನಾಳಗಳನ್ನು ಎಣಿಸಿ ನೋಡಿದರು. ನಾಳಗಳು ಹೆಚ್ಚು ದಟ್ಟವಾಗಿದ್ದವರಲ್ಲಿಯೇ ರೋಗವು ಬೇರೆಡೆಗೆ ಹರಡಿದ್ದುದೂ ಹೆಚ್ಚಾಗಿತ್ತು.

ಈಗ ಮೊದಲನೆಯ ಪ್ರಶ್ನೆಗೆ ಬರುವೆನು. ಗಂತಿಗೆ ನಾಳಗಳು ಬೇಗ ಬರುವುವು. ನೋವನ್ನು ಮಿದುಳಿಗೆ ತಿಳಿಸುವ ನರಗಳನ್ನು ಅದು ಹಿಂಡುವುದು ಬಹಳ ತಡವಾಗಿ. ಅಡಕೆಯಷ್ಟಾಗಿ ಕೈಗೆ ಸಿಕ್ಕುವ ಹೊತ್ತಿಗೆ ಅದರಲ್ಲಿ ನೂರು ಕೋಟಿಗೂ ಮಿಕ್ಕಿ ಕಣಗಳಿರುವುವು. ರಕ್ತವಂತೂ ಎಂದೋ ಹರಿದಿರುವುದು. ‘ನೋವಿಲ್ಲವಲ್ಲ, ನೋಡೋಣ’ ಎಂಬ ಮಾತನ್ನು ಕೇಳಿದಾಗಲೆಲ್ಲಾ ನನಗೆ ಭಯವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ, ಮುಳಬಾಗಿಲು ಕಡೆಯವರು, ಮಗಳ ಮದುವೆಯು ಮುಗಿಯಲೆಂದು ಒಂಬತ್ತು ತಿಂಗಳು ಯಾರಿಗೂ ಹೇಳದೆ ಸೆರಗಿನ ಮರೆಯಲ್ಲಿಟ್ಟುಕೊಂಡಿದ್ದರು. ನಡುವೆ ನೆರೆಯವರ ಮಾತಿನಂತೆ ಬಿಸಿ ಶಾಖವನ್ನೂ ಸೊಪ್ಪಿನ ಪಟ್ಟನ್ನೂ ಹಾಕಿಸಿದರು, ಬರೆಯನ್ನೂ ಎಳೆಯಿಸಿದರು. ಆಸ್ಪತ್ರೆಗೆ ಹೋಗುವಾಗ ಎಲುಬಿನಲ್ಲಿ ನೋವು ಆರಂಭವಾಗಿತ್ತು. ಮದುವೆಯೇನೋ ಚೆನ್ನಾಗಿ ನಡೆಯಿತು. ಮೊಮ್ಮಗುವನ್ನು ಅವರು ನೋಡಲಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಎದೆಯಲ್ಲಿ ಕಾಣುವ ಗಂತಿಗಳಲ್ಲಿ ಹೆಚ್ಚಿನವು ಅರ್ಬುದವಲ್ಲ. ಹೆದರಿ ಅಡಗಿಸಿಕೊಳ್ಳುವವರಲ್ಲಿ ಬಹುಮಂದಿ ಇಲ್ಲದ ರೋಗಕ್ಕಾಗಿ ನಿದ್ದೆಗೆಡುತ್ತಿರುವರು.

ಎರಡನೆಯ ಪ್ರಶ್ನೆ ಶಸ್ತ್ರದ್ದು. ಕತ್ತಿಯೋ ಸೂಜಿಯೋ ತಗುಲಿದೊಡನೆ ಗಾಳಿಯು ಹೊಕ್ಕು ರೋಗವು ಹಬ್ಬುವುದೆಂಬ ನಂಬಿಕೆಯು ನಾಲ್ಕೂ ತಾಲ್ಲೂಕುಗಳಲ್ಲಿದೆ. ಅದು ಹುಟ್ಟಿದ ಕಾರಣವು ಸುಲಭವಾಗಿ ಊಹಿಸತಕ್ಕದ್ದು. ತಡವಾಗಿ ಬಂದವರ ಕಣಗಳು ಶಸ್ತ್ರಕ್ಕೆ ಮುಂಚೆಯೇ ನಾಳಗಳ ಮೂಲಕ ಹೊರಟುಹೋಗಿದ್ದು, ಆಮೇಲೆ ಬೇರೆಡೆಯಲ್ಲಿ ತಲೆಯೆತ್ತಿದಾಗ ಜನರು ಕತ್ತಿಯನ್ನು ದೂರಿದರು. ಸೂಜಿಯಿಂದ ಸ್ವಲ್ಪ ಮಾಂಸವನ್ನು ತೆಗೆದು ಪರೀಕ್ಷಿಸಿದ ಕಾರಣದಿಂದ ರೋಗಿಯ ಆಯುಸ್ಸು ಕಡಿಮೆಯಾಯಿತೆಂದು ಎಲ್ಲಿಯೂ ಕಂಡುಬಂದಿಲ್ಲ. ಹೊರಟುಹೋದ ಕಣಗಳು ಎಲುಬಿನಲ್ಲಿ ರಾಗಿಕಾಳಿಗಿಂತಲೂ ಸಣ್ಣ ಗುಂಪುಗಳಾಗಿ ವರ್ಷಗಳವರೆಗೆ ನಿದ್ರಿಸಿ, ಒಂದು ದಿನ ರಕ್ತವನ್ನು ಕರೆದು ಎದ್ದುನಿಲ್ಲುವುದೂ ಉಂಟು. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವರಿಗೆ 5 ವರ್ಷ, ಕೆಲವರಿಗೆ 10 ವರ್ಷ ಮಾತ್ರೆಯನ್ನು ಕೊಡುವುದು ಇಂಥವುಗಳಿಗಾಗಿಯೇ. ಗುಣವಾಯಿತೆಂದು ನಡುವೆ ಮಾತ್ರೆಯನ್ನು ಬಿಡುವವರು ಇದನ್ನು ಗಮನಿಸಬೇಕು.

ಇನ್ನು ಮೂರನೆಯದು: ರಕ್ತವನ್ನು ನಿಲ್ಲಿಸುವ ಔಷಧಿ. ಇದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಇದೇ ಆಸೆಯ ಮೇಲೆ ಮನೆಗಳು ಸಾಲದಲ್ಲಿ ಮುಳುಗುವುದನ್ನು ಕಂಡಿದ್ದೇನೆ. ವಿ.ಇ.ಜಿ.ಎಫ್. ಎಂಬ ದೂತನನ್ನು ದಾರಿಯಲ್ಲಿಯೇ ಹಿಡಿದುಹಾಕುವ ಬೆವಸಿಜುಮ್ಯಾಬ್ ಎಂಬ ಔಷಧಿಯು 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಅರ್ಬುದಕ್ಕೆ ಒಪ್ಪಿಗೆಯನ್ನು ಪಡೆಯಿತು. ಹರಡಿದ ಎದೆಯ ಅರ್ಬುದಕ್ಕೂ 2008ರ ಫೆಬ್ರವರಿಯಲ್ಲಿ ತಾತ್ಕಾಲಿಕ ಅನುಮತಿ ದೊರೆಯಿತು. ಫೋಕ್ಮನ್ನರು ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರು. ಆ ಅನುಮತಿಗೆ ಆಧಾರವಾದ ಪರೀಕ್ಷೆಯಲ್ಲಿ, ಮಾಮೂಲಿನ ಔಷಧಿಯನ್ನು ಮಾತ್ರ ಪಡೆದವರಲ್ಲಿ ರೋಗವು ಸರಾಸರಿ 5.9 ತಿಂಗಳು ತಡೆದು ನಿಂತರೆ, ಇದನ್ನೂ ಕೂಡಿಸಿ ಪಡೆದವರಲ್ಲಿ 11.8 ತಿಂಗಳು ನಿಂತಿತ್ತು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಬದುಕಿದ್ದ ಒಟ್ಟು ಕಾಲವನ್ನು ನೋಡಿದರೆ, 25.2 ತಿಂಗಳು ಮತ್ತು 26.7 ತಿಂಗಳು, ವ್ಯತ್ಯಾಸವೆಂದು ಹೇಳುವಷ್ಟಿರಲಿಲ್ಲ. ಮುಂದಿನ ಪರೀಕ್ಷೆಗಳಲ್ಲಿ ಮೊದಲಿನ ಲಾಭವೂ ತಗ್ಗಿತು. ರಕ್ತದ ಒತ್ತಡದ ಏರಿಕೆ, ರಕ್ತಸ್ರಾವ, ಕೆಲವರಿಗೆ ಕರುಳಿನಲ್ಲಿ ರಂಧ್ರ, ಇಂಥ ಅಪಾಯಗಳು ಕಾಣಿಸಿದವು. 2011ರ ನವೆಂಬರ್ 18ರಂದು ಅಮೆರಿಕದ ಅಧಿಕಾರಿಗಳು ಎದೆಯ ಅರ್ಬುದಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂದೆಗೆದುಕೊಂಡರು. ಆ ಔಷಧಿಯಿಂದಲೇ ತಾವು ಬದುಕಿರುವೆವೆಂದು ನಂಬಿದ್ದ ಸ್ತ್ರೀಯರು ವಿಚಾರಣಾ ಸಭೆಗೆ ಬಂದು ಬೇಡಿಕೊಂಡಿದ್ದರು. ಅವರ ದುಃಖವನ್ನು ಅಲ್ಲಗಳೆಯುವಂತಿಲ್ಲ. ಆದರೂ ಆ ತೀರ್ಮಾನವು ಸರಿಯೆಂದು ನನಗೆ ತೋರುತ್ತದೆ.

ಏಕೆ ಸೋತಿತು? ಒಂದು ತೂಬನ್ನು ಮುಚ್ಚಿದರೆ ಗಂತಿಯು ಬೇರೊಂದು ದೂತನನ್ನು ಕಳುಹಿಸುವುದು; ಅಥವಾ ಹೊಸ ಕಾಲುವೆಯ ಗೋಜಿಗೇ ಹೋಗದೆ, ಆಗಲೇ ಇರುವ ಒಳ್ಳೆಯ ನಾಳಗಳನ್ನು ಅಪ್ಪಿಕೊಂಡು ಅವುಗಳ ಉದ್ದಕ್ಕೂ ಬೆಳೆಯುವುದು. ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸಮಾಡುವ ರಾಕೇಶ ಜೈನ್ ಎಂಬ ವಿದ್ವಾಂಸರು 2001ರಲ್ಲಿ ಬೇರೊಂದು ವಿಚಾರವನ್ನು ಮುಂದಿಟ್ಟರು. ಕಾಲುವೆಗಳನ್ನು ನಾಶಮಾಡುವುದಕ್ಕೆ ಬದಲು ಸ್ವಲ್ಪ ಕಾಲ ನೆಟ್ಟಗೆ ಮಾಡಿದರೆ, ಔಷಧಿಯು ಅವುಗಳ ಮೂಲಕವೇ ಗಂತಿಯ ನಡುವಿಗೆ ತಲುಪಬಹುದೆಂಬುದು ಅವರ ವಾದ. 2018ರಲ್ಲಿ ಬೆಂಗಳೂರಿನಿಂದ ಶುದ್ಧಿಮಾಡಿದ ನೀರನ್ನು ನಮ್ಮ ಲಕ್ಷ್ಮೀಸಾಗರದ ಕೆರೆಗೆ ಬಿಟ್ಟಾಗ, ಹೂಳು ತುಂಬಿದ ಕಾಲುವೆಗಳನ್ನು ಸರಿಪಡಿಸಿದಲ್ಲದೆ ಮುಂದಿನ ಕೆರೆಗೆ ನೀರು ಹೋಗದೆಂಬುದನ್ನು ನಾವೆಲ್ಲರೂ ಬಲ್ಲೆವು. ಅದೇ ನ್ಯಾಯ. ಈ ದಿಕ್ಕಿನ ಕೆಲಸವು ಇನ್ನೂ ನಡೆಯುತ್ತಿದೆ.

ಇದರ ನಡುವೆ, ಉಪವಾಸದಿಂದಲೋ, ಸಕ್ಕರೆಯನ್ನು ಬಿಡುವುದರಿಂದಲೋ, ಯಾವುದೋ ರಸವನ್ನು ಕುಡಿಯುವುದರಿಂದಲೋ ಗಂತಿಯ ರಕ್ತವನ್ನು ಕತ್ತರಿಸಬಹುದೆಂದು ಹೇಳಿ ಹಣ ತೆಗೆದುಕೊಳ್ಳುವವರು ಇದ್ದಾರೆ. ಊಟವನ್ನು ಬಿಟ್ಟರೆ ಗಂತಿಗಿಂತ ಮೊದಲು ಕೃಶಳಾಗುವವಳು ರೋಗಿಯೇ. ಚಿಕಿತ್ಸೆಯನ್ನು ತಡೆದುಕೊಳ್ಳುವುದಕ್ಕೆ ಅವಳಿಗೆ ಹಾಲು, ಮೊಟ್ಟೆ, ಬೇಳೆ, ರಾಗಿ ಎಲ್ಲವೂ ಬೇಕು.

ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂತಿ, ತೊಟ್ಟು ಹೊಸದಾಗಿ ಒಳಕ್ಕೆ ಸೇದಿಕೊಳ್ಳುವುದು, ತೊಟ್ಟಿನಿಂದ ರಕ್ತ, ಚರ್ಮದ ಕುಳಿ, ಇವುಗಳಲ್ಲಿ ಯಾವುದನ್ನು ಕಂಡರೂ ವೈದ್ಯರ ಬಳಿಗೆ ಹೋಗತಕ್ಕದ್ದು. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಮಿಷನ್ನಿನವರು ಸ್ಥಾಪಿಸಿದ ಇ.ಟಿ.ಸಿ.ಎಂ. ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಇದಕ್ಕೆಂದೇ ಇದೆ. ಮುಳಬಾಗಿಲಿನ ಕಡೆಯ ಹಲವರು ವೆಲ್ಲೂರಿಗೂ ಹೋಗುವುದುಂಟು. ಬಡವರಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಸಹಾಯವು ದೊರೆಯುತ್ತದೆ; ಪಡಿತರ ಚೀಟಿಯನ್ನು ಮರೆಯದೆ ಒಯ್ಯಬೇಕು. ಅಲ್ಲಿ ಮೊದಲು ಕೈಯಿಂದ ಮುಟ್ಟಿ ನೋಡುವರು, ಆಮೇಲೆ ಚಿತ್ರ ತೆಗೆಯುವರು, ಅಗತ್ಯವಾದರೆ ಸೂಜಿಯಿಂದ ಪರೀಕ್ಷಿಸುವರು.

ಗಂತಿಯನ್ನು ತೆಗೆದಮೇಲೆ ಬರುವ ವರದಿಯಲ್ಲಿ ಅದರ ಅಳತೆ, ಕಂಕುಳಿನ ಗ್ರಂಥಿಗಳ ಲೆಕ್ಕ, ಅದು ಸ್ತ್ರೀ ರಸಗಳಿಗೆ ಓಗೊಡುವ ಜಾತಿಯೋ ಅಲ್ಲವೋ, ಹರ್-2 ಎಂಬುದು ಇದೆಯೋ ಇಲ್ಲವೋ ಎಂದು ಬರೆದಿರುವರು. ಎಲ್.ವಿ.ಐ. ಎಂಬ ಮೂರಕ್ಷರಗಳೂ ಅದರಲ್ಲಿರುವುವು. ರಕ್ತನಾಳದ ಅಥವಾ ದುಗ್ಧನಾಳದ ಒಳಗೆ ಅರ್ಬುದದ ಕಣಗಳು ಕಂಡವೋ ಇಲ್ಲವೋ ಎಂಬುದೇ ಅದರ ಅರ್ಥ. ಕಂಡಿದ್ದರೆ ವೈದ್ಯರು ಮುಂದಿನ ಚಿಕಿತ್ಸೆಯನ್ನು ಗೊತ್ತುಮಾಡುವಾಗ ಅದನ್ನೂ ಗಣನೆಗೆ ತೆಗೆದುಕೊಳ್ಳುವರು. ಆ ಸಾಲನ್ನು ಓದಿಸಿ ಕೇಳಿಕೊಂಡು, ಕಾಗದದ ಒಂದು ಪ್ರತಿಯನ್ನು ಮನೆಯಲ್ಲಿ ಭದ್ರವಾಗಿಟ್ಟು, ಪ್ರತಿ ಸಾರಿಯೂ ಆಸ್ಪತ್ರೆಗೆ ಹೋಗುವಾಗ ಜೊತೆಯಲ್ಲಿ ಒಯ್ಯತಕ್ಕದ್ದು.